ತಕರಾರು ಹೇಳುವುದೋ, ದಂಡ ಕಟ್ಟುವುದೋ

ರಸ್ತೆಯ ಕ್ಯಾಮೆರಾ ಹಿಡಿದ ಅತಿವೇಗಕ್ಕೆ ಬಿದ್ದ ಸಾವಿರ ರೂಪಾಯಿ ದಂಡಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಎಂದು ಮನೆಯಲ್ಲಿ ಕೇಳಿ ಆಯಿತು, ಆಫೀಸಿನಲ್ಲಿ ಕೇಳಿ ಆಯಿತು, ಬೆಳಗಿನ ವಾಕಿಂಗ್‌ಗೆ ಸಿಗುವವರೂ ಕೇಳಿ ಆಯಿತು. ಎಲ್ಲರದೂ ಒಂದೇ ಮಾತು: ಫೋನಿನಲ್ಲೇ ಕಟ್ಟಿ ಕೈ ತೊಳೆದುಕೋ. ಅವರ ಮಾತಿನಲ್ಲಿ ತಪ್ಪಿಲ್ಲ. ಸಾವಿರ ರೂಪಾಯಿ ಉಳಿಸಲು ಹೊರಟವನಿಗೆ ವಕೀಲರ ಫೀಸು, ಓಡಾಟ, ಒಂದು ದಿನದ ರಜೆ ಎಲ್ಲ ಸೇರಿದರೆ ಖರ್ಚು ಅದರ ಎರಡು ಮೂರು ಪಟ್ಟು ಆಗುತ್ತದೆ. ಹಣದ ಲೆಕ್ಕದಲ್ಲಿ ಈ ಪ್ರಶ್ನೆಗೆ ಉತ್ತರ ಮೊದಲೇ ಸಿಕ್ಕಿಬಿಟ್ಟಿದೆ. ಆದರೂ ನನಗೆ ಕಟ್ಟಲು ಕೈ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನನಗೇ ಸ್ಪಷ್ಟವಾಗಲು ಸಾಕಷ್ಟು ಸಮಯ ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನೋಟಿಸು ಬಂದದ್ದು ಬೇಸಿಗೆಯಲ್ಲಿ. ಘಟ್ಟದ ಮೇಲಿನ ಒಂದು ಚತುಷ್ಪಥ, ಹಳ್ಳಿಯೊಂದರ ಮಗ್ಗುಲಲ್ಲೇ ಹಾದುಹೋಗುವ ಜಾಗ. ಊರಿನ ಹೆಸರು ಹೇಳುವುದಿಲ್ಲ, ಪ್ರಕರಣ ಇನ್ನೂ ಕೋರ್ಟಿನ ಮುಂದಿದೆ. ವೇಗಮಿತಿ 60, ವಾಹನದ ವೇಗ 78, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 183 ಎಂದು ಬರೆದಿತ್ತು. ಫೋಟೊದಲ್ಲಿ ನನ್ನದೇ ಕಾರು, ನನ್ನದೇ ನಂಬರು, ನಾನು ಅಲ್ಲಿ ಹಾದುಹೋದ ಹೊತ್ತೂ ಅದೇ. (ಇಂಥ ಮೆಸೇಜು ಬಂದಾಗ ಅದರಲ್ಲಿರುವ ಲಿಂಕನ್ನು ಒತ್ತಬೇಡಿ. ಚಲನ್ ಹೆಸರಿನಲ್ಲಿ ವಾಟ್ಸಾಪ್‌ಗೆ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಇಳಿಸುವ ಫೈಲ್) ಕಳಿಸಿ ಬ್ಯಾಂಕ್ ಖಾತೆ ಖಾಲಿ ಮಾಡುವವರ ಹಾವಳಿ ಜೋರಾಗಿದೆ. ಸರ್ಕಾರದ ಇ-ಚಲನ್ ಜಾಲತಾಣಕ್ಕೆ ನೀವಾಗಿಯೇ ಹೋಗಿ, ಗಾಡಿ ನಂಬರ್ ಹಾಕಿ ನೋಡಿ.) ನೋಟಿಸು ಅಸಲಿಯೇ ಆಗಿತ್ತು.

ಯಂತ್ರ ಹೇಳಿದ್ದನ್ನು ನಂಬುತ್ತೇನೆ

78 ಎಂಬ ಅಂಕಿಯ ಬಗ್ಗೆ ನನಗೆ ತಕರಾರಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಅತಿವೇಗದ ದಂಡವನ್ನು ಪ್ರಶ್ನಿಸುವವರಲ್ಲಿ ಹೆಚ್ಚಿನವರು ಮೊದಲು ಹಿಡಿಯುವುದೇ ಯಂತ್ರದ ಕಾಲರ್. ಕ್ಯಾಮೆರಾದ ಜೊತೆ ವೇಗ ಅಳೆಯುವ ರಾಡಾರ್ ಸುಳ್ಳು ಹೇಳುತ್ತದೆ, ಪಕ್ಕದ ಗಾಡಿಯ ವೇಗವನ್ನು ನನ್ನ ತಲೆಗೆ ಕಟ್ಟಿದ್ದಾರೆ, ಇತ್ಯಾದಿ. ಅಂಥದ್ದು ಆಗುವುದೇ ಇಲ್ಲ ಎಂದಲ್ಲ. ಆದರೆ ರಾಡಾರ್ ಕೆಲಸ ಮಾಡುವ ರೀತಿ ತಿಳಿದರೆ ಈ ವಾದದ ಬಲ ಬಹಳ ಕಡಿಮೆಯಾಗುತ್ತದೆ. ಅದು ಕಳಿಸಿದ ತರಂಗ ಚಲಿಸುವ ಗಾಡಿಗೆ ಬಡಿದು ಹಿಂದಿರುಗುವಾಗ ಆವರ್ತನ ಬದಲಾಗಿರುತ್ತದೆ. ಆ ವ್ಯತ್ಯಾಸದಿಂದ ವೇಗ ಲೆಕ್ಕ ಹಾಕುತ್ತಾರೆ. ಕ್ಯಾಮೆರಾ ರಸ್ತೆಯ ಮೇಲಿನ ಕಮಾನಿನಲ್ಲೋ ಬದಿಯಲ್ಲೋ ಇರುವುದರಿಂದ ಗಾಡಿಯನ್ನು ನೇರವಾಗಿ ನೋಡದೆ ಒಂದು ಕೋನದಲ್ಲಿ ನೋಡುತ್ತದೆ. ಕೋನ ಹೆಚ್ಚಿದಷ್ಟೂ ಅಳತೆಗೆ ಸಿಗುವ ವೇಗ ನಿಜವಾದ ವೇಗಕ್ಕಿಂತ ಕಡಿಮೆಯೇ ಆಗುತ್ತದೆ, ಹೆಚ್ಚಾಗುವುದಿಲ್ಲ. ಅಂದರೆ ಆ ಕೋನದಿಂದಾಗುವ ವ್ಯತ್ಯಾಸ ಚಾಲಕನ ಪರವಾಗಿಯೇ ಇರುತ್ತದೆ. ನಮ್ಮ ಕಾರಿನ ಸ್ಪೀಡೋಮೀಟರ್ ಕೂಡ ನಿಜವಾದ ವೇಗಕ್ಕಿಂತ ಚೂರು ಹೆಚ್ಚೇ ತೋರಿಸುವಂತೆ ಇರುತ್ತದೆ. ಹಾಗಾಗಿ ಯಂತ್ರ 78 ಎಂದಿದ್ದರೆ ನನ್ನ ಮುಂದಿದ್ದ ಮುಳ್ಳು 80ರ ಮೇಲೆಯೇ ಇದ್ದಿರಬೇಕು.

ಹಾಗಾದರೆ ತಕರಾರು ಯಾವುದರ ಬಗ್ಗೆ? ನಾನು ಮೊದಲು ಫೋನ್ ಮಾಡಿದ್ದು ಕಾಲೇಜಿನಲ್ಲಿ ನನ್ನ ಜೊತೆ ಓದಿ ಈಗ ವಕೀಲಿಕೆ ಮಾಡುತ್ತಿರುವ ಗೆಳತಿಗೆ. ನಾನು ಕಥೆ ಶುರು ಮಾಡುತ್ತಿದ್ದಂತೆಯೇ ಅವಳು ಅಡ್ಡ ಹಾಕಿದಳು. "ಅದೆಲ್ಲ ಆಮೇಲೆ. ನೀನು ಅಲ್ಲಗಳೆಯೋದು ವೇಗವನ್ನೋ, ವೇಗಮಿತಿಯನ್ನೋ? ಎರಡನ್ನೂ ಹಿಡ್ಕೊಂಡು ಬರಬೇಡ."

ಆ ಪ್ರಶ್ನೆ ಕೇಳುವ ತನಕ ಇವೆರಡು ಬೇರೆ ಬೇರೆ ಎಂದು ನನಗೆ ಹೊಳೆದೇ ಇರಲಿಲ್ಲ. ನಾಲ್ಕು ಪಥದ, ಮಧ್ಯೆ ವಿಭಜಕವಿರುವ ರಸ್ತೆಯಲ್ಲಿ ಕಾರಿಗೆ ಗಂಟೆಗೆ 100 ಕಿಲೋಮೀಟರ್ ಎಂದು ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆ ಹೇಳುತ್ತದೆ. ಅದಕ್ಕಿಂತ ಕಡಿಮೆ ಮಿತಿ ಹಾಕುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆ, ಇರಲೂ ಬೇಕು. ಊರು ಬಂತು, ಶಾಲೆ ಬಂತು, ಸೇತುವೆ ಕಿರಿದಾಯಿತು ಎಂದರೆ 100 ಅಲ್ಲಿ ನಡೆಯದು. ಆದರೆ ಆ ಅಧಿಕಾರ ಕೊಡುವ 112ನೇ ಸೆಕ್ಷನ್ನಿನ ಎರಡನೇ ಉಪವಿಭಾಗ ಎರಡು ಕೆಲಸ ಮಾಡಬೇಕೆಂದು ಹೇಳುತ್ತದೆ: ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸಬೇಕು, ಮತ್ತು ಸೂಕ್ತ ಜಾಗದಲ್ಲಿ ಸಂಚಾರ ಫಲಕ ನಿಲ್ಲಿಸಬೇಕು. "ಮತ್ತು" ಎಂದಿದೆ, "ಅಥವಾ" ಎಂದಿಲ್ಲ. ಒಂದು ತಿಂಗಳೊಳಗಿನ ತಾತ್ಕಾಲಿಕ ಮಿತಿಗಾದರೆ ಅಧಿಸೂಚನೆ ಬೇಡ ಎಂಬ ವಿನಾಯಿತಿ ಇದೆ. ಫಲಕಕ್ಕೆ ಆ ವಿನಾಯಿತಿಯೂ ಇಲ್ಲ. ರಸ್ತೆ ಬದಿಯ ಆ ಕೆಂಪು ವೃತ್ತದ ಬೋರ್ಡನ್ನು ನಾವೆಲ್ಲ ಒಂದು ಸೂಚನೆ ಎಂದಷ್ಟೇ ತಿಳಿದಿದ್ದೇವೆ. ಕಾನೂನಿನ ಪ್ರಕಾರ ವೇಗಮಿತಿಯ ಅರ್ಧ ಜೀವ ಇರುವುದೇ ಅದರಲ್ಲಿ.

ಕ್ಯಾಮೆರಾಗಳ ವಿಷಯಕ್ಕೇ 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಎಂಬ ಹೊಸ ನಿಯಮ ಸೇರಿತು. ಅದರ ಪ್ರಕಾರ ಯಂತ್ರಕ್ಕೆ ರಾಜ್ಯದ ನಿಗದಿತ ಪ್ರಾಧಿಕಾರದಿಂದ ಅನುಮೋದನೆಯ ಪ್ರಮಾಣಪತ್ರ ಬೇಕು, ಅದನ್ನು ವರ್ಷ ವರ್ಷ ನವೀಕರಿಸಬೇಕು. ಕ್ಯಾಮೆರಾ ಕಣ್ಣಿಟ್ಟಿರುವ ಜಾಗಕ್ಕೆ ಮುಂಚೆಯೇ ಎಚ್ಚರಿಕೆಯ ಫಲಕ ಇರಬೇಕು. ಉಲ್ಲಂಘನೆಯಾದ 15 ದಿನದೊಳಗೆ ನೋಟಿಸು ಕಳಿಸಬೇಕು. ಜೊತೆಗೆ ಫೋಟೊ, ಅಳತೆ, ಜಾಗ, ಸಮಯ, ಮತ್ತು ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷ್ಯವಾಗಿ ಒಪ್ಪಲು ಬೇಕಾದ, ಸಾಕ್ಷ್ಯ ಕಾಯ್ದೆಯ 65ಬಿ ಪ್ರಕಾರದ ಪ್ರಮಾಣಪತ್ರ (2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದ ಮೇಲೆ ಇದು 63ನೇ ಸೆಕ್ಷನ್). ನನ್ನ ನೋಟಿಸು 15 ದಿನದೊಳಗೇ ಬಂದಿತ್ತು. ಫೋಟೊ, ಅಳತೆ ಎಲ್ಲ ಸರಿಯಿದ್ದವು. ಉಳಿದದ್ದು ಫಲಕ. ನಾನು ಅಲ್ಲಿ 60ರ ಬೋರ್ಡು ನೋಡಿದ ನೆನಪಿಲ್ಲ. ಆದರೆ "ನೆನಪಿಲ್ಲ" ಎಂಬುದು ವಾದವಾಗುವುದಿಲ್ಲ. ಹೋಗಿ ನೋಡಬೇಕಿತ್ತು.

ಹೊಲದ ಕಡೆ ಮುಖ ಮಾಡಿದ ಬೋರ್ಡು

ಭಾನುವಾರ ಹೋದೆ. ಕ್ಯಾಮೆರಾದ ಕಮಾನಿಗಿಂತ ಬಹಳ ಹಿಂದೆಯೇ ಕಾರು ನಿಲ್ಲಿಸಿ, ರಸ್ತೆಯಂಚಿನ ಮಣ್ಣಿನ ಮೇಲೆ ನಡೆದುಕೊಂಡು ಬಂದೆ. ಕಾರಿನಲ್ಲಿ ಕೂತಾಗ ಸಪಾಟಾಗಿ ಕಾಣುವ ಹೆದ್ದಾರಿ, ನಡೆಯುವವನಿಗೆ ಬೇರೆಯೇ ಆಗಿ ಕಾಣುತ್ತದೆ. ಪ್ರತಿ ಲಾರಿ ಹಾದುಹೋದಾಗಲೂ ಗಾಳಿ ಬಂದು ಮೈಗೆ ಗುದ್ದುತ್ತದೆ. ಶರ್ಟು ಬೆನ್ನಿಗೆ ಅಂಟುತ್ತದೆ. ಟೈರಿನ ಸದ್ದು ಗಾಡಿಗಿಂತ ಮುಂಚೆ ಬರುತ್ತದೆ. ಇದೇ ಅಂಚಿನಲ್ಲಿ ಊರಿನವರು ಹಾಲಿನ ಕ್ಯಾನು ಹಿಡಿದು, ಮೇವಿನ ಹೊರೆ ಹೊತ್ತು ದಿನಾ ಓಡಾಡುತ್ತಾರೆ.

ಬೋರ್ಡು ಸಿಕ್ಕಿತು. ಕಂಬ ಇತ್ತು, ಕಂಬದ ತುದಿಯಲ್ಲಿ ವೃತ್ತಾಕಾರದ ತಗಡೂ ಇತ್ತು. ಆದರೆ ಬುಡದಿಂದ ಎರಡು ಅಡಿ ಮೇಲೆ ಕಂಬ ಬಾಗಿ, ತಿರುಚಿಕೊಂಡು, ತಗಡಿನ ಮುಖ ಪೂರ್ತಿ ಹೊಲದ ಕಡೆಗೆ ತಿರುಗಿತ್ತು. ರಸ್ತೆಯಲ್ಲಿ ಬರುವವರಿಗೆ ಕಾಣುತ್ತಿದ್ದುದು ಅದರ ಬೂದು ಬಣ್ಣದ ಬೆನ್ನು ಮತ್ತು ಎರಡು ಬೋಲ್ಟು. ಚರಂಡಿ ದಾಟಿ ಹೊಲಕ್ಕಿಳಿದು ತಿರುಗಿ ನೋಡಿದರೆ ಆ ಕಡೆ ಬಿಳಿ ಹಿನ್ನೆಲೆಯ ಮೇಲೆ ಕಪ್ಪು 60, ಸುತ್ತ ಕೆಂಪು ಬಳೆ, ಒಂದು ಚೂರೂ ಬಣ್ಣ ಮಾಸಿರಲಿಲ್ಲ. ಮಳೆಗೆ ಕಾದು ಬಿದ್ದಿದ್ದ ಆ ಹೊಲದಲ್ಲಿ ನಾನೊಬ್ಬನೇ ಅದನ್ನು ಓದುತ್ತ ನಿಂತಿದ್ದೆ. ಬಾಗಿದ ಜಾಗದಲ್ಲಿ ಬಣ್ಣ ಎದ್ದು ತುಕ್ಕು ಹಿಡಿದಿತ್ತು. ಅಂದರೆ ನಿನ್ನೆ ಮೊನ್ನೆ ಆದದ್ದಲ್ಲ.

ಪಕ್ಕದಲ್ಲೇ ಹುಣಸೆ ಮರದ ಕೆಳಗೆ ಎಳನೀರು ಮಾರುವವರೊಬ್ಬರಿದ್ದರು. ಕೇಳಿದೆ. "ಅದಾ ಸ್ವಾಮಿ? ಶಿವರಾತ್ರಿಗೂ ಮುಂಚೆ ಯಾವನೋ ಲಾರಿಯೋನು ರಿವರ್ಸ್ ತಗೋಳೋವಾಗ ತಗುಲಿಸ್ಬುಟ್ಟ. ಆವತ್ತಿಂದ ಹಿಂಗೇ ನಿಂತದೆ" ಎಂದರು. ಕ್ಯಾಮೆರಾ ಬಂದ ಮೇಲೆ ಜನ ನಿಧಾನ ಹೋಗುತ್ತಾರಾ ಎಂದು ಕೇಳಿದ್ದಕ್ಕೆ ಅವರು ಕತ್ತಿಯಲ್ಲೇ ಕಮಾನಿನ ಕಡೆ ತೋರಿಸಿದರು. "ಗೊತ್ತಿರೋರು ಅದರ ಕೆಳಗೆ ಬಂದಾಗ ಕಿರ್ರ್ ಅಂತ ಬ್ರೇಕ್ ಹಾಕ್ತಾರೆ, ದಾಟಿದ್ಮೇಲೆ ಬುಟ್ಟದ್ದೇ ಬಿಟ್ಟಿದ್ದು. ಇಸ್ಕೂಲು ಮಕ್ಕಳು ದಾಟೋದು ಅದಕ್ಕಿಂತ ಆ ಕಡೆ." ನಾನು ಆ ಕಡೆಗೂ ನಡೆದೆ. ಕಮಾನು ದಾಟಿ ಸ್ವಲ್ಪ ಮುಂದೆ ವಿಭಜಕದ ಗಿಡಗಳ ನಡುವೆ ಜನ ನುಗ್ಗಿ ನುಗ್ಗಿ ಮಾಡಿಕೊಂಡ ಕಾಲುದಾರಿ ಇತ್ತು. ಅದರ ಎರಡೂ ಬದಿಗೆ ಶಾಲೆ ಇದೆ ಎಂದು ಹೇಳುವ ಒಂದು ಬೋರ್ಡೂ ಇರಲಿಲ್ಲ, ಗಾಡಿ ನಡುಗಿಸಿ ಚಾಲಕನನ್ನು ಎಚ್ಚರಿಸುವ ರಂಬಲ್ ಪಟ್ಟಿಯೂ ಇರಲಿಲ್ಲ.

ಬಾಗಿದ ಕಂಬದ ಫೋಟೊ ಎಲ್ಲ ದಿಕ್ಕಿನಿಂದ ತೆಗೆದುಕೊಂಡೆ. ರಸ್ತೆಯಿಂದ ಹೇಗೆ ಕಾಣುತ್ತದೆ, ಹೊಲದಿಂದ ಹೇಗೆ ಕಾಣುತ್ತದೆ, ಕ್ಯಾಮೆರಾಗೂ ಅದಕ್ಕೂ ಎಷ್ಟು ದೂರ. ಗೆಳತಿಗೆ ಕಳಿಸಿದಾಗ ಅವಳು "ಇದು ಕೇಸು" ಎಂದಳು. ಅಷ್ಟು ಹೊತ್ತಿಗೆ ನಾನು ಕೇಸಿನ ಯೋಚನೆಯಿಂದ ಸ್ವಲ್ಪ ದೂರ ಹೋಗಿದ್ದೆ. ಮನಸ್ಸಿನಲ್ಲಿ ನನ್ನ ಸೋದರಮಾವ ಕೂತಿದ್ದರು.

ಮಾವನ ರಟ್ಟಿನ ಚೀಟಿ

ಮಾವ ತೊಂಬತ್ತರ ದಶಕದಲ್ಲಿ ಕುಂದಾಪುರ–ಮಂಗಳೂರು ಖಾಸಗಿ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರ್. ಕರಾವಳಿಯ ಖಾಸಗಿ ಬಸ್ಸುಗಳ ಟೈಮಿಂಗ್ ಎಂದರೆ ಏನು ಎಂದು ಅಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ಒಂದು ಬಸ್ಸಿಗೂ ಅದರ ಹಿಂದಿನ ಬಸ್ಸಿಗೂ ಮೂರು ನಾಲ್ಕು ನಿಮಿಷದ ಅಂತರ. ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಪುಸ್ತಕ ಹಿಡಿದು ನಿಂತಿರುತ್ತಾನೆ. ಒಂದು ನಿಮಿಷ ತಡವಾದರೆ ಹಿಂದಿನ ಬಸ್ಸಿನವನ ಜೊತೆ ಜಗಳ, ಎರಡು ನಿಮಿಷ ತಡವಾದರೆ ಕಲೆಕ್ಷನ್ ಕಡಿಮೆ, ಕಲೆಕ್ಷನ್ ಕಡಿಮೆಯಾದರೆ ಸಂಜೆ ಧನಿಗಳ, ಅಂದರೆ ಬಸ್ಸಿನ ಮಾಲೀಕರ, ಮುಂದೆ ಉತ್ತರ ಕೊಡಬೇಕು. ಮಾವನ ಸೀಟಿನ ಎದುರು, ಗಾಜಿನ ಮೇಲ್ಗಡೆ ದೇವರ ಪಟದ ಪಕ್ಕದಲ್ಲಿ ನೋಟ್‌ಬುಕ್ಕಿನ ರಟ್ಟು ಕತ್ತರಿಸಿ ಮಾಡಿದ ಒಂದು ಚೀಟಿ ಇರುತ್ತಿತ್ತು. ನೀಲಿ ಶಾಯಿಯಲ್ಲಿ ಮಾವನದೇ ಗುಂಡು ಅಕ್ಷರ: ಕೋಟ 7.32, ಬ್ರಹ್ಮಾವರ 7.47, ಉಡುಪಿ 8.10. ಬೆವರು ಕೈ ತಾಗಿ ತಾಗಿ ಕೋಟದ ಅಂಕಿ ಮಸುಕಾಗಿತ್ತು. ರಜೆಯಲ್ಲಿ ನಾನು ಎಂಜಿನ್ ಪಕ್ಕದ ಉದ್ದ ಸೀಟಿನಲ್ಲಿ ಕೂತು ಹೋಗುವಾಗ ಮಾವನ ಕಣ್ಣು ಎಲ್ಲಿ ಹೋಗುತ್ತದೆ ಎಂದು ನೋಡುತ್ತಿದ್ದೆ. ರಸ್ತೆ, ಕನ್ನಡಿ, ಚೀಟಿ, ಕೈಗಡಿಯಾರ. ಸ್ಪೀಡೋಮೀಟರ್ ನೋಡುತ್ತಿರಲಿಲ್ಲ. ಆ ಬಸ್ಸಿನಲ್ಲಿ ಅದು ಕೆಲಸ ಮಾಡುತ್ತಲೂ ಇರಲಿಲ್ಲ.

ಒಮ್ಮೆ ಪೊಲೀಸರು ಮಾವನ ಮೇಲೆ ಅತಿವೇಗದ ಕೇಸು ಹಾಕಿದರು. ರಾಡಾರ್ ಗನ್ ಏನೂ ಇರಲಿಲ್ಲ. ರಸ್ತೆ ಬದಿಗೆ ನಿಂತಿದ್ದವರು "ತುಂಬ ಸ್ಪೀಡಿತ್ತು" ಎಂದು ಬರೆದುಕೊಂಡರು, ಅಷ್ಟೇ. ಕೋರ್ಟಿನ ದಿನ ಅಮ್ಮ ನನ್ನನ್ನೂ ಜೊತೆಗೆ ಕಳಿಸಿದರು, ಒಬ್ಬನೇ ಹೋಗುವುದು ಬೇಡ ಎಂದು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಖಾಕಿಯಿಲ್ಲದೆ ಅವರನ್ನು ಬಸ್ ಸ್ಟ್ಯಾಂಡಿನವರೇ ಗುರುತು ಹಿಡಿಯಲಿಲ್ಲ. ಧನಿಗಳು ಹಿಂದಿನ ದಿನವೇ ಹೇಳಿ ಕಳಿಸಿದ್ದರು: ತಪ್ಪೊಪ್ಪಿಕೊಂಡು ಕಟ್ಟಿ ಬಾ, ಮಧ್ಯಾಹ್ನದ ಟ್ರಿಪ್ಪಿಗೆ ಬಸ್ಸು ಹತ್ತಬೇಕು. ಕೋರ್ಟಿನಲ್ಲಿ ಹೆಸರುಗಳನ್ನು ಒಂದರ ಹಿಂದೆ ಒಂದು ಕರೆಯುತ್ತಿದ್ದರು. ಲೈಟಿಲ್ಲದ ಸೈಕಲ್, ಲೈಸೆನ್ಸಿಲ್ಲದ ಸ್ಕೂಟರ್, ಹೆಚ್ಚು ಜನ ತುಂಬಿದ ಟೆಂಪೊ. ಮಾವನ ಹೆಸರು ಬಂತು. "ತಪ್ಪು ಒಪ್ತೀರಾ?" "ಒಪ್ತೆ ಸ್ವಾಮಿ." ಮುಗಿಯಿತು. ದಂಡ ಕಟ್ಟುವ ಕಿಟಕಿಯ ಮುಂದೆ ನಿಂತದ್ದೇ ಹೆಚ್ಚು ಹೊತ್ತು. ಆ ಹಣವನ್ನು ಧನಿಗಳು ಮಾವನ ಬಾಟಾದಲ್ಲಿ (ದಿನದ ಭತ್ಯೆಯಲ್ಲಿ) ಮುರಿದುಕೊಂಡರು.

ಈಗ ನನ್ನ ನೋಟಿಸಿನ ನೆಪದಲ್ಲಿ 183ನೇ ಸೆಕ್ಷನ್ನನ್ನು ಪೂರ್ತಿ ಓದಿದಾಗ ಎದೆ ಒಂದು ಕ್ಷಣ ಹಿಡಿದಂತಾಯಿತು. ಅದರ ಮೂರನೇ ಉಪವಿಭಾಗ ಹೀಗೆ ಹೇಳುತ್ತದೆ: ಗಾಡಿ ಅತಿವೇಗದಲ್ಲಿತ್ತು ಎಂದು ಒಬ್ಬ ಸಾಕ್ಷಿಗೆ ಅನ್ನಿಸಿತು ಎಂಬ ಒಂದೇ ಆಧಾರದ ಮೇಲೆ ಯಾರನ್ನೂ ಅಪರಾಧಿ ಎನ್ನುವಂತಿಲ್ಲ, ಆ ಅಭಿಪ್ರಾಯಕ್ಕೆ ಯಂತ್ರದ ಅಳತೆಯ ಬೆಂಬಲ ಬೇಕು. ನಾಲ್ಕನೇ ಉಪವಿಭಾಗ ಇನ್ನೂ ಮುಂದೆ ಹೋಗುತ್ತದೆ. ಇಷ್ಟು ಸಮಯದಲ್ಲಿ ಇಷ್ಟು ದೂರ ಮುಟ್ಟಬೇಕೆಂದು ಯಾರಾದರೂ ವೇಳಾಪಟ್ಟಿ ಹೊರಡಿಸಿದ್ದರೆ, ಅಥವಾ ಹಾಗೆಂದು ಹೇಳಿದ್ದರೆ, ಮತ್ತು ವೇಗಮಿತಿ ಮೀರದೆ ಆ ಸಮಯಕ್ಕೆ ಮುಟ್ಟುವುದು ಸಾಧ್ಯವೇ ಇಲ್ಲ ಎಂದು ಕೋರ್ಟಿಗೆ ಅನ್ನಿಸಿದರೆ, ಆ ವೇಳಾಪಟ್ಟಿಯೇ ಅದನ್ನು ಹೊರಡಿಸಿದವನ ಅಪರಾಧಕ್ಕೆ ಮೇಲ್ನೋಟದ ಸಾಕ್ಷ್ಯ. ಈ ಕಾಯ್ದೆ 1988ರದ್ದು, ಜಾರಿಗೆ ಬಂದದ್ದು 1989ರ ಜುಲೈ 1ರಂದು. ಮಾವ ಬಿಳಿ ಅಂಗಿ ಹಾಕಿಕೊಂಡು ಕಟಕಟೆ ಮುಂದೆ ನಿಂತ ದಿನ ಈ ಎರಡೂ ಸಾಲು ಪುಸ್ತಕದಲ್ಲಿದ್ದವು. ದೇವರ ಪಟದ ಪಕ್ಕದ ರಟ್ಟಿನ ಚೀಟಿ ನಿಜಕ್ಕೂ ಒಂದು ದಾಖಲೆಯಾಗಿತ್ತು. ಅದನ್ನು ಕೋರ್ಟಿಗೆ ಒಯ್ಯಬಹುದು ಎಂದು ಮಾವನಿಗೆ ಹೇಳುವವರು ಯಾರೂ ಇರಲಿಲ್ಲ. ಹೇಳಿದ್ದರೂ ಒಯ್ಯುತ್ತಿರಲಿಲ್ಲ, ಏಕೆಂದರೆ ಮಧ್ಯಾಹ್ನದ ಟ್ರಿಪ್ಪಿತ್ತು.

ಇವತ್ತಿಗೂ ಆ ನಾಲ್ಕನೇ ಉಪವಿಭಾಗವನ್ನು ಓದುವಾಗ ಕಣ್ಣ ಮುಂದೆ ಬರುವವರು ಬೆನ್ನಿಗೆ ಚೌಕದ ಚೀಲ ಕಟ್ಟಿಕೊಂಡು ಸಿಗ್ನಲ್ಲಿನಲ್ಲಿ ಫೋನ್ ನೋಡುವ ಹುಡುಗರು, ಮತ್ತು ಬೆಳಗಿನ ಜಾವದ ವಿಮಾನಕ್ಕೆ ಪ್ರಯಾಣಿಕರನ್ನು ಮುಟ್ಟಿಸಿ ಮುಂದಿನ ಬುಕಿಂಗಿಗೆ ಓಡುವ ಕ್ಯಾಬ್ ಚಾಲಕರು. ಆ್ಯಪ್‌ನಲ್ಲಿ ಇಳಿಯುತ್ತ ಹೋಗುವ ನಿಮಿಷಗಳನ್ನು "ವೇಳಾಪಟ್ಟಿ" ಎನ್ನಬಹುದೇ? ಎನ್ನಬಹುದು ಎಂದೇ ನನ್ನ ನಂಬಿಕೆ. ಆದರೆ ಇದು ಯಾರಾದರೂ ಒಬ್ಬ ಡ್ರೈವರ್ ಕೋರ್ಟಿನಲ್ಲಿ ಕೇಳದೆ ಇತ್ಯರ್ಥವಾಗುವ ಪ್ರಶ್ನೆಯಲ್ಲ. ಕೇಳಬೇಕಾದವರಿಗೆ ಕೇಳಲು ಪುರುಸೊತ್ತಿಲ್ಲ. 2019ರ ತಿದ್ದುಪಡಿಯ ನಂತರ ವೇಗದ ದಂಡ ಏರಿದೆ, ಯಂತ್ರಗಳು ಬಂದಿವೆ, ಕಾಗದದ ಬದಲು ಮೆಸೇಜು ಬರುತ್ತದೆ. "ಒಪ್ತೆ ಸ್ವಾಮಿ" ಎನ್ನುವುದು ಮಾತ್ರ ಈಗ ಇನ್ನೂ ಸುಲಭವಾಗಿದೆ, ಒಂದು ಬಟನ್ ಒತ್ತಿದರಾಯಿತು.

ಅರ್ಧ ದರಕ್ಕೆ

ಅದಕ್ಕೂ ಸುಲಭವಾದದ್ದು ಇನ್ನೊಂದಿದೆ: ಕಾಯುವುದು. 2023ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಬಾಕಿ ದಂಡಕ್ಕೆ ಶೇಕಡ 50 ರಿಯಾಯಿತಿ ಕೊಟ್ಟಾಗ ಸಂಚಾರ ಠಾಣೆಗಳ ಮುಂದೆ ಸಾಲು ನಿಂತ ಜನರನ್ನು ನೀವೂ ನೋಡಿರುತ್ತೀರಿ. ಆಮೇಲೆ ಅದು ಮತ್ತೆ ಬಂತು. 2025ರಲ್ಲೂ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರ ತನಕ ಕೊಟ್ಟರು. ಬಾಕಿ ಗುಡ್ಡ ಕರಗಿಸಲು ಸರ್ಕಾರಕ್ಕೆ ಬೇರೆ ದಾರಿ ಕಾಣದಿರಬಹುದು. ಆದರೆ ಈ ರಿಯಾಯಿತಿ ನನಗೆ ಸರಿ ಕಾಣುವುದಿಲ್ಲ. ನೋಟಿಸು ಬಂದ ವಾರದಲ್ಲೇ ಕಟ್ಟಿದವರು ಪೂರ್ತಿ ಕಟ್ಟಿದರು, ವರ್ಷಗಟ್ಟಲೆ ಸುಮ್ಮನಿದ್ದವರು ಅರ್ಧ ಕಟ್ಟಿದರು. ಅದಕ್ಕಿಂತ ದೊಡ್ಡ ಕೇಡೆಂದರೆ, ನಿಜಕ್ಕೂ ತಕರಾರಿದ್ದವರೂ ಆ ಸಾಲಿನಲ್ಲೇ ನಿಂತರು. ಅರ್ಧಕ್ಕೆ ಮುಗಿಯುವಾಗ ಬಾಗಿದ ಕಂಬದ ಫೋಟೊ ಹಿಡಿದು ಕೋರ್ಟಿಗೆ ಯಾರು ಹೋಗುತ್ತಾರೆ? ಕಂಬ ಹಾಗೇ ಉಳಿಯುತ್ತದೆ. ದಂಡವು ಕರೆಂಟ್ ಬಿಲ್ಲಿನ ಹಾಗೆ ಆಗಿಬಿಟ್ಟರೆ, ಅದರ ಹಿಂದೆ ಒಂದು ಆರೋಪವಿತ್ತು, ಆರೋಪ ಹೊರಿಸಿದವರಿಗೂ ಒಂದು ಹೊಣೆಯಿತ್ತು ಎಂಬುದೇ ಮರೆತುಹೋಗುತ್ತದೆ.

ತಕರಾರು ಹೇಳುವ ದಾರಿ ಈಗ ಕಾಗದದ ಮೇಲೆ ಸರಳವಾಗಿಯೇ ಇದೆ. ಸಂಚಾರ ಪ್ರಕರಣಗಳನ್ನು ಆನ್‌ಲೈನಿನಲ್ಲೇ ನೋಡುವ ವರ್ಚುವಲ್ ಕೋರ್ಟಿನ ಪುಟದಲ್ಲಿ ಪ್ರಕರಣ ತೆರೆದರೆ ದಂಡ ಕಟ್ಟಲು ಒಂದು ಆಯ್ಕೆ, ತಕರಾರು ಹೇಳಲು ಇನ್ನೊಂದು. ಎರಡನೆಯದನ್ನು ಆರಿಸಿದರೆ ಪ್ರಕರಣ ಆ ವ್ಯಾಪ್ತಿಯ ಕೋರ್ಟಿಗೆ ವರ್ಗವಾಗುತ್ತದೆ. ಅಲ್ಲಿಂದ ಹಳೆಯ ಲೋಕ ಶುರು: ವಾಯಿದೆ, ವಕಾಲತ್ತು, ಮುಂದಿನ ವಾಯಿದೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಇದನ್ನು ಹೇಳುತ್ತಿದ್ದಾಗ ಅವನು ಅಲ್ಲಿನ ಒಂದು ಪದ್ಧತಿ ಹೇಳಿದ. ಅಲ್ಲಿ ಸಂಚಾರದ ಸಣ್ಣ ಪ್ರಕರಣವಾದರೆ ಕೋರ್ಟಿಗೆ ಹೋಗದೆ ಬರಹದಲ್ಲೇ ವಾದ ಮಂಡಿಸಬಹುದು. ದಂಡದಷ್ಟು ಹಣ ಮೊದಲೇ ಇಡಬೇಕು, ಫಾರಂನಲ್ಲಿ ನಿಮ್ಮ ಹೇಳಿಕೆ ಬರೆದು ಫೋಟೊ ಲಗತ್ತಿಸಬೇಕು, ಪೊಲೀಸ್ ಅಧಿಕಾರಿಯೂ ಬರಹದಲ್ಲೇ ಉತ್ತರ ಕೊಡುತ್ತಾರೆ, ನ್ಯಾಯಾಧೀಶರು ಎರಡನ್ನೂ ಓದಿ ತೀರ್ಪು ಕೊಡುತ್ತಾರೆ. ಗೆದ್ದರೆ ಹಣ ವಾಪಸು. ನೋಟಿಸು ಫೋನಿಗೇ ಕಳಿಸುವ ನಮ್ಮಲ್ಲಿ ತಕರಾರನ್ನೂ ಫೋನಿನಿಂದಲೇ, ಎರಡು ಫೋಟೊ ಮತ್ತು ಹತ್ತು ಸಾಲಿನ ಹೇಳಿಕೆಯಲ್ಲಿ, ಮುಗಿಸುವಂತೆ ಮಾಡಲು ಏನಡ್ಡಿ? ಹಾಗೆ ಮಾಡಿದರೆ ಮಾವನಂಥವರು ಟ್ರಿಪ್ಪು ಬಿಡಬೇಕಾಗುವುದಿಲ್ಲ.

ಗೆದ್ದರೆ ಏನಾಗುತ್ತದೆ ಎಂಬ ಭಯ

ಇಷ್ಟೆಲ್ಲ ಆದ ಮೇಲೂ ನಾನು ತಕರಾರು ಹಾಕದೆ ತಡೆದದ್ದು ಬೇರೊಂದು ಕಾರಣಕ್ಕೆ. ನಾನು ಗೆದ್ದರೆ ಆ ಸುದ್ದಿ ಹೇಗೆ ಹರಡುತ್ತದೆ? "ಕ್ಯಾಮೆರಾ ಕೇಸು ಕೋರ್ಟಿನಲ್ಲಿ ನಿಲ್ಲೋದಿಲ್ಲವಂತೆ" ಎಂದು ಹರಡುತ್ತದೆ. ಬೋರ್ಡಿನ ಕಥೆ ಯಾರಿಗೂ ಬೇಕಿರುವುದಿಲ್ಲ. ದೇಶದಲ್ಲಿ 2022ರಲ್ಲಿ ರಸ್ತೆಯಲ್ಲಿ ಸತ್ತವರು 1,68,491 ಜನ, ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗ ಕಾರಣ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. "ಅತಿವೇಗ" ಎಂಬ ಕಾಲಂ ತುಂಬುವುದು ಪೊಲೀಸರಿಗೆ ಸುಲಭ, ಗುಂಡಿಬಿದ್ದ ರಸ್ತೆಯನ್ನೋ ಕತ್ತಲೆಯನ್ನೋ ಕಾರಣವೆಂದು ಬರೆಯುವುದು ಕಷ್ಟ, ಇದನ್ನು ಒಪ್ಪುತ್ತೇನೆ. ಆ ಅನುಮಾನ ಎಷ್ಟೇ ಕಳೆದರೂ ಉಳಿಯುವ ಸಂಖ್ಯೆ ಭಯ ಹುಟ್ಟಿಸುವಷ್ಟು ದೊಡ್ಡದು. ಹೆದ್ದಾರಿಗಳಲ್ಲಿ ಕ್ಯಾಮೆರಾ ಕಡ್ಡಾಯ ಮಾಡುವ 136ಎ ಸೆಕ್ಷನ್ನನ್ನು ರಾಜ್ಯಗಳು ಜಾರಿ ಮಾಡಲೇಬೇಕೆಂದು ಸುಪ್ರೀಂ ಕೋರ್ಟ್ ಬೆನ್ನು ಬಿದ್ದದ್ದು ಯಾರ ಅರ್ಜಿಯ ಮೇಲೆ? ಕೊಯಮತ್ತೂರಿನ ಮೂಳೆ ತಜ್ಞ ಡಾ. ಎಸ್. ರಾಜಶೇಖರನ್ ಅವರ ಅರ್ಜಿಯ ಮೇಲೆ. ಮುರಿದ ಬೆನ್ನುಮೂಳೆ ಜೋಡಿಸುವ ವೈದ್ಯರೇ ಕೋರ್ಟಿನ ಬಾಗಿಲು ತಟ್ಟಿದ್ದರು.

ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಯೇ ಇದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಆ ರಸ್ತೆ ಆ ವರ್ಷವೇ ನುಂಗಿದ ಜೀವಗಳ ಸಂಖ್ಯೆ ನೂರ ಎಂಬತ್ತು ದಾಟಿತ್ತು. ವರ್ಷದ ನಡುವೆಯೇ ವೇಗ ಅಳೆಯುವುದು ಶುರುವಾಯಿತು, ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು, ಕ್ಯಾಮೆರಾಗಳು ಬಂದವು. ಮುಂದಿನ ವರ್ಷ ಸಾವು ಮೂರನೇ ಒಂದಕ್ಕಿಂತಲೂ ಕೆಳಗಿಳಿಯಿತು. ಯಾವ ಕ್ರಮಕ್ಕೆ ಎಷ್ಟು ಪಾಲು ಎಂದು ಬಿಡಿಸಿ ಹೇಳಲಾಗದು, ಆದರೆ ಕ್ಯಾಮೆರಾದ ಪಾಲು ಇಲ್ಲವೆನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ 78ನ್ನೇ ತೆಗೆದುಕೊಂಡರೂ ಲೆಕ್ಕ ಸಲೀಸಾಗಿಲ್ಲ. 60ಕ್ಕಿಂತ 78 ಕೇವಲ 18 ಹೆಚ್ಚು ಎನಿಸುತ್ತದೆ. ಡಿಕ್ಕಿಯ ಶಕ್ತಿ ವೇಗದ ವರ್ಗದಷ್ಟು ಏರುವುದರಿಂದ ಅದು ಸುಮಾರು ಶೇಕಡ 69 ಹೆಚ್ಚು. ಅಡ್ಡ ಬಂದ ಮಗುವನ್ನು ನೋಡಿ ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಕಾರು ಐದು ಮೀಟರ್ ಹೆಚ್ಚು ಮುಂದೆ ಹೋಗಿರುತ್ತದೆ. ಆ ವಿಭಜಕದ ಕಾಲುದಾರಿಯ ಮುಂದೆ ಐದು ಮೀಟರ್ ಅಂದರೆ ಎಷ್ಟು ಎಂದು ನಾನು ನಿಂತು ನೋಡಿ ಬಂದಿದ್ದೇನೆ.

ಅಂದರೆ 60ರ ಮಿತಿ ಸರಿಯಾದದ್ದೇ. ಆ ಹಳ್ಳಿಯವರ ಪರವಾಗಿ ಮಾತಾಡುವುದಾದರೆ ಅದು ಅಲ್ಲಿ ಬೇಕೇ ಬೇಕು. ಬೇಕೇ ಬೇಕು ಎನ್ನುವುದಾದರೆ, ಅದು ರಸ್ತೆಯಲ್ಲಿ ಬರುವವನಿಗೆ ಕಾಣಬೇಕು. ಹೊಲಕ್ಕೆ ಮುಖ ಮಾಡಿದ ಬೋರ್ಡಿನಿಂದ ಶಿವರಾತ್ರಿಯಿಂದ ಬೇಸಿಗೆಯ ತನಕ ಯಾರ ವೇಗವೂ ತಗ್ಗಲಿಲ್ಲ. ಮಕ್ಕಳು ಹಾಗೇ ದಾಟಿದರು, ಯಂತ್ರ ಫೋಟೊ ತೆಗೆಯುತ್ತ ಹೋಯಿತು, ಮೆಸೇಜು ಹೋಗುತ್ತಲೇ ಇದ್ದವು, ಹಣ ಬರುತ್ತಲೇ ಇತ್ತು. ಅಷ್ಟು ನೋಟಿಸುಗಳಲ್ಲಿ ಒಂದನ್ನಾದರೂ ಯಾರಾದರೂ ಪ್ರಶ್ನಿಸಿದ್ದರೆ ಆ ಕಂಬ ನೆಟ್ಟಗಾಗುತ್ತಿತ್ತು. ಈ ಯೋಚನೆ ಬಂದ ಮೇಲೆ ನನಗೆ ಗೊಂದಲ ಉಳಿಯಲಿಲ್ಲ. ನನಗೆ ರಜೆ ಸಿಗುತ್ತದೆ, ವಕೀಲ ಗೆಳತಿಯಿದ್ದಾಳೆ, ಸಾವಿರ ರೂಪಾಯಿಗೆ ನನ್ನ ಮನೆಯ ಒಲೆ ನಿಲ್ಲುವುದಿಲ್ಲ. ಇಷ್ಟೆಲ್ಲ ಇರುವವನೂ ಬಟನ್ ಒತ್ತಿ ಕೈ ತೊಳೆದುಕೊಂಡರೆ, ಅದೇ ನೋಟಿಸು ಬಂದ ಟೆಂಪೊ ಡ್ರೈವರ್ ಪ್ರಶ್ನಿಸಲಿ ಎಂದು ಹೇಳುವ ಹಕ್ಕು ನನಗೆಲ್ಲಿದೆ?

ಮಾವನಿಗೆ ಫೋನ್ ಮಾಡಿ ಹೇಳಿದೆ. ಮೊದಲು ಅವರು ಹೇಳಿದ್ದೂ ಎಲ್ಲರ ಮಾತೇ. "ಕೋರ್ಟ್ ಮೆಟ್ಲ್ ಹತ್ತೂದ್ ಬ್ಯಾಡ ಮಾರಾಯ. ದುಡ್ಡ್ ಕಟ್ಟಿ ಸುಮ್ನಿರ್." ಆಮೇಲೆ ನಾನು ವೇಳಾಪಟ್ಟಿಯ ಆ ಸಾಲನ್ನು ಓದಿ ಹೇಳಿದೆ. ಅವರು ಇನ್ನೊಮ್ಮೆ ಓದಿಸಿದರು. "ಹಾಂಗಾರೆ ಧನಿಗಳ್ ಮೇಲೂ ಕೇಸ್ ಹಾಕ್ಲಕ್ಕಿತ್ತಾ?" ಹಾಕಬಹುದಿತ್ತು ಎಂದೆ. "ಆವತ್ ಯಾರೂ ಹೇಳ್ಲಿಲ್ಲ ಅಲ್ದಾ" ಎಂದು, ಸ್ವಲ್ಪ ತಡೆದು, "ಹೋಯ್ ಬಾ ಹಾಂಗಾರೆ" ಎಂದರು.

ತಕರಾರು ಹಾಕಿದ್ದೇನೆ. ಹೇಳಿಕೆ ಒಂದೇ ಪುಟ. ಯಂತ್ರ ಅಳೆದ ವೇಗವನ್ನು ನಾನು ಪ್ರಶ್ನಿಸುತ್ತಿಲ್ಲ ಎಂಬುದು ಅದರ ಮೊದಲ ಸಾಲು. ಗೆಳತಿ ಅದನ್ನು ತೆಗೆಯಲು ಹೇಳಿದಳು, ವಾದ ದುರ್ಬಲವಾಗುತ್ತದೆಯಂತೆ. ಅದೊಂದು ವಿಷಯದಲ್ಲಿ ಅವಳ ಮಾತು ಕೇಳಲಿಲ್ಲ. 112ರ ಪ್ರಕಾರ ಫಲಕ ಇರಬೇಕಾದ ರೀತಿಯಲ್ಲಿ ಇರಲಿಲ್ಲ, ಫೋಟೊಗಳು ಇಲ್ಲಿವೆ, ಅಧಿಸೂಚನೆಯ ಪ್ರತಿ ಮತ್ತು ಯಂತ್ರದ ಅನುಮೋದನೆಯ ಪ್ರಮಾಣಪತ್ರವನ್ನು ಹಾಜರುಪಡಿಸಲು ಕೋರುತ್ತೇನೆ ಎಂದಷ್ಟೇ ಉಳಿದ ಭಾಗ. ರಸ್ತೆ ನೋಡಿಕೊಳ್ಳುವ ಇಲಾಖೆಗೂ, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಬೇರೆ ಅರ್ಜಿ ಕೊಟ್ಟಿದ್ದೇನೆ. ಅದರಲ್ಲಿ ನನ್ನ ದಂಡದ ಪ್ರಸ್ತಾಪವಿಲ್ಲ. ಕಂಬ ನೆಟ್ಟಗೆ ಮಾಡಿ, ಶಾಲೆಯ ಬೋರ್ಡು ಹಾಕಿ, ಮಕ್ಕಳು ದಾಟುವ ಕಡೆ ರಂಬಲ್ ಪಟ್ಟಿ ಹಾಕಿ ಎಂದು ಮೂರು ಕೋರಿಕೆ ಮಾತ್ರ ಇದೆ. ಆ ಅರ್ಜಿಯ ಹಿಂಬರಹ ನನ್ನ ಹತ್ತಿರ ಇದೆ, ವಾಯಿದೆಯ ದಿನ ಅದನ್ನೂ ಒಯ್ಯುತ್ತೇನೆ. ಫಲಕ ತಿರುಗಿದ್ದರೂ ಮಿತಿ ಊರ್ಜಿತ ಎಂದು ಕೋರ್ಟು ಹೇಳಿದರೆ ಅವತ್ತೇ ಪೂರ್ತಿ ಸಾವಿರವನ್ನೂ ಕಟ್ಟಿ ಬರುತ್ತೇನೆ, ರಿಯಾಯಿತಿಗೆ ಕಾಯುವುದಿಲ್ಲ.